ಒಂದು ‘ಹೊ’, ಇಬ್ಬರು ತಿಪ್ಪೇಸ್ವಾಮಿಗಳು

ಬೆಂಗಳೂರಿನಿಂದ ಬೆಳಿಗ್ಗೆ ಆರೂವರೆಯ ಬಸ್ಸಿಗೆ ಹೊರಟಾಗ ನನ್ನ ತೊಡೆಯ ಮೇಲೆ ಒಂದು ನೀಲಿ ಐಸ್ ಬಾಕ್ಸ್ ಇತ್ತು. ನೂರಾ ಅರವತ್ತು ಕಿಲೋಮೀಟರ್ ದೂರದ ಹಿರಿಯೂರು ಬರುವವರೆಗೂ ಅದನ್ನು ಕೆಳಗಿಡಲಿಲ್ಲ. ಒಳಗೆ ತಣ್ಣಗಿರಬೇಕಾದ ರಾಸಾಯನಿಕಗಳು, ಖಾಲಿ ಶೀಶೆಗಳು, ಸಿರಿಂಜುಗಳು. ಹೊರಟಿದ್ದು ನನ್ನದೇ ತಪ್ಪನ್ನು ತಿದ್ದಲು.

ಎರಡು ತಿಂಗಳ ಹಿಂದೆ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳನ್ನು ಸುತ್ತಿ, ಜ್ವರ ಬಿಡದ ಕುರಿಗಾಹಿಗಳ ರಕ್ತ ಸಂಗ್ರಹಿಸಿದ್ದೆ. ಹುಡುಕುತ್ತಿದ್ದದ್ದು ಬ್ರುಸೆಲ್ಲಾ ಎಂಬ ರೋಗಾಣುವನ್ನು. ಅದು ಕುರಿ, ಮೇಕೆಗಳಿಂದ ಮನುಷ್ಯರಿಗೆ ಬರುತ್ತದೆ. ಜ್ವರ ಬರುತ್ತದೆ, ಬಿಡುತ್ತದೆ, ಮತ್ತೆ ಬರುತ್ತದೆ. ಗಮನಿಸದೆ ಬಿಟ್ಟರೆ ಬೆನ್ನುಮೂಳೆಗೋ ಹೃದಯಕ್ಕೋ ಇಳಿಯುತ್ತದೆ. ರಕ್ತದಲ್ಲಿ ಅದರ ಡಿಎನ್‌ಎಯ ಚೂರೊಂದಿದ್ದರೂ ಸಾಕು, ಪಿಸಿಆರ್ ಯಂತ್ರ ಅದನ್ನು ಎರಡು, ನಾಲ್ಕು, ಎಂಟು ಎಂದು ಹೆಚ್ಚಿಸುತ್ತ ಹೋಗಿ ಕಣ್ಣಿಗೆ ಕಾಣುವಂತೆ ಮಾಡುತ್ತದೆ. ಒಂದು ಶೀಶೆಯಲ್ಲಿ ಕಾಣಿಸಿತು.

ಆದರೆ ಆ ಶೀಶೆಯ ಸಂಖ್ಯೆ ಐಸ್ ನೀರಿಗೆ ಅಳಿಸಿಹೋಗಿತ್ತು. ಉಳಿದದ್ದು ಪೆನ್ಸಿಲ್ಲಿನಲ್ಲಿ ಬರೆದ ‘ತಿಪ್ಪೇಸ್ವಾಮಿ’ ಮತ್ತು ತಾಲ್ಲೂಕಿನ ಮೊದಲ ಅಕ್ಷರ, ‘ಹೊ’. ಚಿತ್ರದುರ್ಗಕ್ಕೆ ‘ಚಿ’, ಹಿರಿಯೂರಿಗೆ ‘ಹಿ’ ಎಂದು ಬರೆಯುವಾಗ ಅದು ಜಾಣತನವೆನಿಸಿತ್ತು. ಹೊಸದುರ್ಗವೂ ‘ಹೊ’, ಹೊಳಲ್ಕೆರೆಯೂ ‘ಹೊ’ ಎಂಬುದು ಹೊಳೆದಿರಲಿಲ್ಲ. ಈ ಜಿಲ್ಲೆಯ ಯಾವ ಸಂತೆಯಲ್ಲಿ ನಿಂತು ‘ತಿಪ್ಪೇಸ್ವಾಮಿ’ ಎಂದು ಕೂಗಿದರೂ ಹತ್ತು ಜನ ತಿರುಗಿ ನೋಡುತ್ತಾರೆ. ನನ್ನ ಪಟ್ಟಿಯಲ್ಲಿ ಎರಡೂ ತಾಲ್ಲೂಕಿಗೆ ಒಬ್ಬೊಬ್ಬರಿದ್ದರು; ಇಬ್ಬರ ಶೀಶೆಯ ಸಂಖ್ಯೆಯೂ ಅಳಿಸಿತ್ತು.

“ಅದು ಹೊಸದುರ್ಗದವರದ್ದು. ಬೇವಿನ ಮರದ ಕೆಳಗೆ ಕಂಬಳಿ ಹೊದ್ದು ಮಲಗಿದ್ದರು, ನನಗೆ ಚೆನ್ನಾಗಿ ನೆನಪಿದೆ” ಎಂದೆ ನಮ್ಮ ಲ್ಯಾಬಿನ ಮುಖ್ಯಸ್ಥೆಗೆ.

“ನಿಮ್ಮ ನೆನಪನ್ನ ಮೆಷಿನ್ನಿಗೆ ಹಾಕೋಕಾಗುತ್ತಾ?” ಎಂದರು ಅವರು.

ಆಗುವುದಿಲ್ಲ. ತಪ್ಪು ವ್ಯಕ್ತಿಗೆ ಆರು ವಾರ ಎರಡು ಬಗೆಯ ಔಷಧಿ ಕೊಟ್ಟು, ನಿಜವಾದ ರೋಗಿಯನ್ನು ಮನೆಯಲ್ಲೇ ನರಳಲು ಬಿಡುವುದೆಂದರೆ ಸಣ್ಣ ಮಾತಲ್ಲ. ಇಬ್ಬರ ರಕ್ತವನ್ನೂ ಮತ್ತೆ ತರಬೇಕಿತ್ತು.

ಹಿರಿಯೂರಿನಲ್ಲಿ ಮಂಡಕ್ಕಿ ಒಗ್ಗರಣೆ, ಎರಡು ಮಿರ್ಚಿ ತಿಂದು, ಹೊಸ ಐಸ್ ತುಂಬಿಸಿಕೊಂಡು ಹೊಸದುರ್ಗದ ಬಸ್ ಹತ್ತಿದೆ. ಹೆಂಗಸರು ಸೊನ್ನೆ ಟಿಕೆಟ್ ಹಿಡಿದು ಸೀಟುಗಳಲ್ಲಿ ಕೂತಿದ್ದರು. ನಾನು ದುಡ್ಡು ಕೊಟ್ಟು ನಿಂತುಕೊಂಡೆ.

“ಏನ್ ಸಾರ್, ಬಾಕ್ಸ್‌ನಾಗೆ ಮೀನಾ?” ಎಂದ ಕಂಡಕ್ಟರ್.

“ಅಲ್ಲಪ್ಪ. ರಕ್ತ ತರೋಕೆ.”

“ಮೀನಾಗಿದ್ರೆ ಲಗೇಜ್ ಹಾಕ್ತಿದ್ದೆ. ರಕ್ತಕ್ಕೆ ಚಾರ್ಜ್ ಇಲ್ಲ, ಬಿಡ್ರಿ.”

ಬಸ್ಸಿಡೀ ನಕ್ಕಿತು. ಆಷಾಢದ ಗಾಳಿ ಕಿಟಕಿಯ ಗಾಜುಗಳನ್ನು ಅಲುಗಿಸುತ್ತಿತ್ತು. ದೂರದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಬಿಡುವಿಲ್ಲದೆ ತಿರುಗುತ್ತಿದ್ದವು.

ಹೊಸದುರ್ಗದಿಂದ ಆಟೋದಲ್ಲಿ ಅರ್ಧ ಗಂಟೆಯ ದಾರಿ. ಅಲ್ಲಿಯ ತಿಪ್ಪೇಸ್ವಾಮಿ ಟಗರೊಂದನ್ನು ಮೊಣಕಾಲಿನಡಿ ಒತ್ತಿ ಹಿಡಿದು ಉಣ್ಣೆ ಕತ್ತರಿಸುತ್ತಿದ್ದರು. ನರಳುವ ಮನುಷ್ಯನ ಲಕ್ಷಣ ಒಂದೂ ಇರಲಿಲ್ಲ.

“ಬರ್ರಿ, ಕುಂತ್ಕಳ್ರಿ. ಮತ್ತೆ ರಕ್ತ ಬೇಕಾ? ಆವತ್ತು ಒಯ್ದಿದ್ದು ಏನ್ ಮಾಡಿದ್ರಿ, ಚೆಲ್ಕಂಡ್ರಾ?”

ನಡೆದದ್ದನ್ನೆಲ್ಲ ಹೇಳಿದೆ. ಬೇವಿನ ಮರದ ಮಾತು ಬಂದಾಗ ಅವರು ಕತ್ತರಿ ಕೆಳಗಿಟ್ಟರು.

“ನಾನು ಮಲಗಿದ್ನಾ? ಬೇವಿನ ಮರ ಎಲ್ಲೈತೆ ಸಾರ್ ಇಲ್ಲಿ? ತೋರ್ಸಿ, ನೋಡಾಣ.”

ಸುತ್ತ ನೋಡಿದೆ. ತಗಡಿನ ಮನೆ, ಕುರಿಹಟ್ಟಿ, ಬಟಾಬಯಲು. ಕಣ್ಣು ಹಾಯುವಷ್ಟು ದೂರ ಒಂದೇ ಒಂದು ಮರವಿರಲಿಲ್ಲ. ಎರಡು ತಿಂಗಳಿಂದ ಫೋಟೋದಷ್ಟು ಸ್ಪಷ್ಟವಾಗಿ ನನ್ನ ತಲೆಯಲ್ಲಿದ್ದ ಚಿತ್ರ ಅಲ್ಲೇ ಕಳಚಿಬಿತ್ತು. ಜ್ವರ ವಾರಕ್ಕೆಲ್ಲ ಬಿಟ್ಟಿತ್ತಂತೆ. ಆದರೂ ತೋಳು ಚಾಚಿದರು. ಶೀಶೆಯ ಮೇಲೆ ಊರು, ತಂದೆಯ ಹೆಸರು, ತಾಲ್ಲೂಕು ಎಲ್ಲವನ್ನೂ ಪೂರ್ತಿಯಾಗಿ ಬರೆದು, ಅವರಿಗೇ ಓದಿ ಹೇಳಿದೆ.

ಹೊಸದುರ್ಗದ ಲಾಡ್ಜಿನಲ್ಲಿ ಉಳಿದು, ಮರುದಿನ ಬೆಳಿಗ್ಗೆ ಹೊಳಲ್ಕೆರೆಗೆ ಹೋದೆ. ರಾಮಗಿರಿಯ ಗುಡ್ಡ ಎಡಕ್ಕಿತ್ತೋ ಬಲಕ್ಕಿತ್ತೋ, ಈಗ ಆಣೆ ಮಾಡಿ ಹೇಳಲಾರೆ. ಹೊಳಲ್ಕೆರೆಯಲ್ಲಿ ಬಸ್ ಬದಲಿಸಿ ಬಿ.ದುರ್ಗ ಕಡೆಯ ಹಳ್ಳಿಯಲ್ಲಿ ಇಳಿದೆ. ಎರಡನೆಯ ತಿಪ್ಪೇಸ್ವಾಮಿಯ ಮನೆಯ ಮುಂದೆ ಮರವಿತ್ತು. ಬೇವಲ್ಲ, ಹುಣಸೆ. ಅದರ ಕೆಳಗೆ, ಹಗಲು ಹನ್ನೊಂದಕ್ಕೆ, ಕಂಬಳಿ ಹೊದ್ದು ಅವರು ಕೂತಿದ್ದರು.

“ಸಂಜೆ ಆತು ಅಂದ್ರೆ ಚಳಿ ಸಾರ್. ಬೆಳಗ್ಗೆ ಜ್ವರ ಇರಲ್ಲ, ಬರೇ ನಡಾ ನೋವು. ಊರಾಗೆ ಸೋಮಾರಿ ಅಂತಾರೆ” ಎಂದರು.

“ಅಂತಾರೇನು, ನಾನೇ ಅಂತೀನಿ” ಎಂದರು ಅವರ ಹೆಂಡತಿ ಕರಿಯಮ್ಮ, ಚಹಾ ಲೋಟ ನನ್ನ ಕೈಗಿಡುತ್ತ. “ಕುರಿ ಕಾಯದು, ಮರಿ ಹಾಕ್ಸದು ಎಲ್ಲಾ ಈಗ ನಂದೇ.”

ರಕ್ತ ತೆಗೆದ ಮೇಲೆ ಹಳೆಯ ಪ್ರಶ್ನಾವಳಿ ತೆರೆದೆ. ಅದನ್ನು ಶುದ್ಧ ಕನ್ನಡದಲ್ಲಿ ಬರೆದವನು ನಾನೇ. ‘ಗರ್ಭಪಾತ ಸಂಭವಿಸಿದೆಯೇ?’ ಎಂಬ ಪ್ರಶ್ನೆಗೆ ಇವರ ಉತ್ತರ ‘ಇಲ್ಲ’ ಎಂದಿತ್ತು. ಇವರದಷ್ಟೇ ಅಲ್ಲ, ಎಲ್ಲರದೂ ‘ಇಲ್ಲ’ವೇ. ಬ್ರುಸೆಲ್ಲಾ ಹೊಕ್ಕ ಹಿಂಡಿನಲ್ಲಿ ಅದು ಆಗದಿರುವುದು ಅಪರೂಪ. ಮತ್ತೆ ಕೇಳಿದೆ.

“ಹೋದ ಸಲನೂ ಅದೇ ಕೇಳಿದ್ರಿ. ನಮ್ಮನ್ಯಾಗೆ ಯಾವ ಹೆಣ್ಮಗಳಿಗೂ ಆಗಿಲ್ಲ” ಎಂದರು ಕರಿಯಮ್ಮ, ಮುಖ ತಿರುಗಿಸಿ.

“ಹೆಣ್ಮಕ್ಕಳಿಗಲ್ಲ ಅಮ್ಮ, ಕುರಿಗೆ.”

“ಕುರಿಗಾ? ಅದುಕ್ಕೆ ಗರ್ಭಪಾತ ಅಂತಾರೇನ್ರಿ? ಕಂದು ಹಾಕದು ಅಂತ ಕೇಳಬೇಕಪ್ಪ. ಹೋದ ವರ್ಷ ಒಂಬತ್ತು ಕುರಿ ಕಂದು ಹಾಕಿದ್ವು. ಈ ವರ್ಷ ನಾಕು.”

ತಿಪ್ಪೇಸ್ವಾಮಿ ನಕ್ಕರು. ನಾನೂ ನಗಲು ಪ್ರಯತ್ನಿಸಿದೆ. ನಾಲ್ಕು ತಾಲ್ಲೂಕು ಸುತ್ತಿ ತಂದಿದ್ದ ಆ ‘ಇಲ್ಲ’ಗಳೆಲ್ಲ ಒಂದು ಪದದ ಮುಂದೆ ಬಿದ್ದುಹೋದವು.

ಮಧ್ಯಾಹ್ನ ಚಿತ್ರದುರ್ಗ ಸೇರಿದೆ. ಹೊಳಲ್ಕೆರೆಯಿಂದ ಒಂದು ಗಂಟೆಯ ಹಾದಿ. ಅಲ್ಲಿಯ ಪ್ರಯೋಗಾಲಯವೊಂದರಲ್ಲಿ ಪಿಸಿಆರ್ ಯಂತ್ರ ಬಳಸಲು ಮೊದಲೇ ಒಪ್ಪಿಗೆ ಪಡೆದಿದ್ದೆ. ಅಲ್ಲಿನ ತಂತ್ರಜ್ಞೆ ಶೋಭಾ ಅವರ ಕೈಗೆ ಎರಡೂ ಶೀಶೆ ಕೊಟ್ಟು, “ಇವಕ್ಕೆ ಒಂದು, ಎರಡು ಅಂತ ನೀವೇ ನಂಬರ್ ಹಾಕಿ. ಯಾವುದು ಯಾರದ್ದು ಅಂತ ಕೊನೆವರೆಗೂ ನನಗೆ ಹೇಳಬೇಡಿ” ಎಂದೆ.

“ನಿಮ್ಮ ಮೇಲೆ ನಿಮಗೇ ನಂಬಿಕೆ ಇಲ್ವಾ ಸಾರ್?”

“ನಿನ್ನೆಯಿಂದ ಇಲ್ಲ. ವಿಧಾನದ ಮೇಲಿದೆ.”

ರಕ್ತದಿಂದ ಡಿಎನ್‌ಎ ಬೇರ್ಪಡಿಸಿ ಫ್ರಿಜ್ಜಿನಲ್ಲಿಡುವಷ್ಟರಲ್ಲಿ ಸಂಜೆಯಾಯಿತು. ಮೂರನೆಯ ದಿನ ಬೆಳಿಗ್ಗೆ ಯಂತ್ರ ಹೂಡಿದೆವು. ಎರಡು ಮಾದರಿಗಳ ಪಕ್ಕದಲ್ಲಿ, ಖಚಿತವಾಗಿ ರೋಗಾಣುವಿನ ಡಿಎನ್‌ಎ ಇರುವ ಒಂದು ಕೊಳವೆ, ಬರೀ ನೀರಿನ ಇನ್ನೊಂದು. ರೋಗಾಣುವಿದ್ದ ಕೊಳವೆಯ ಗೆರೆ ಪರದೆಯ ಮೇಲೆ ಏರುತ್ತದೆ; ನೀರಿನದೂ ಎದ್ದರೆ ಪರೀಕ್ಷೆಯೇ ಕೆಟ್ಟಂತೆ. ಒಂದೂವರೆ ಗಂಟೆ ಪರದೆ ನೋಡುತ್ತ ಕೂತೆವು. ನೀರಿನ ಗೆರೆ ಕೊನೆಯವರೆಗೂ ನೆಲಕ್ಕಂಟಿಕೊಂಡೇ ಇತ್ತು. ಒಂದನೆಯದೂ ಹಾಗೆಯೇ. ಎರಡನೆಯದು ಅರ್ಧ ದಾರಿ ಕಳೆದ ಮೇಲೆ ನಿಧಾನವಾಗಿ ಬಾಗಿ ಮೇಲೆದ್ದಿತು.

“ಎರಡು ಅಂದ್ರೆ ಹೊಳಲ್ಕೆರೆ” ಎಂದರು ಶೋಭಾ.

ಹೊಳಲ್ಕೆರೆಯ ಸರ್ಕಾರಿ ವೈದ್ಯರಿಗೆ ವರದಿ ಕಳಿಸಿದೆ. ನಾಳೆಯಿಂದಲೇ ಚಿಕಿತ್ಸೆ ಶುರು ಮಾಡುವುದಾಗಿ ಅವರು ಹೇಳಿದರು. ನೆಮ್ಮದಿಯಿಂದ ಊಟ ಮಾಡಿ ಬೆಂಗಳೂರಿನ ಬಸ್ ಹತ್ತಿ, ಕಿಟಕಿಯ ಸೀಟು ಹಿಡಿದು, ತಿಪ್ಪೇಸ್ವಾಮಿಯ ಮನೆಗೆ ಫೋನ್ ಮಾಡಿದೆ. ಎತ್ತಿಕೊಂಡವರು ಕರಿಯಮ್ಮ. ಸೋಮಾರಿತನವಲ್ಲ, ರೋಗವೇ ಹೌದು, ಆರು ವಾರ ಒಂದು ಹೊತ್ತೂ ತಪ್ಪಿಸದೆ ಔಷಧಿ ತೆಗೆದುಕೊಂಡರೆ ಗುಣವಾಗುತ್ತದೆ ಎಂದೆ. ಕಂದು ಹಾಕಿದ ಮರಿಗಳನ್ನು ಬರಿಗೈಯಲ್ಲಿ ಮುಟ್ಟಿದ್ದರಿಂದ ಬಂದಿರಬೇಕು, ಇನ್ನು ಮುಂದೆ ಯಾರೂ ಮುಟ್ಟಬಾರದು ಎಂದೂ ಹೇಳಿದೆ.

“ಅವರು ಎಲ್ಲಿ ಮುಟ್ಟಿದ್ರು? ಒಂದೋ ಎರಡೋ. ಮಿಕ್ಕಿದ್ದೆಲ್ಲಾ ಎತ್ತಿ ಹೂತಿದ್ದು ನಾನು” ಎಂದರು.

“ನಿಮಗೇನಾದರೂ ಜ್ವರ...?”

“ಸಂಜೆ ಮುಂದೆ ಮೈ ಬಿಸಿಯಾಗ್ತೈತೆ. ಕೆಲಸಕ್ಕಿರಬೇಕು ಅಂದ್ಕಂಡೆ. ನೀವೂ ಕೇಳ್ಲಿಲ್ಲ.”

ನನ್ನ ಪಟ್ಟಿಯನ್ನು ಕಣ್ಣಮುಂದೆ ತಂದುಕೊಂಡೆ. ಈ ಬಾರಿ ನೆನಪು ತಪ್ಪಿರಲಾರದು: ಕುರಿಗಾಹಿ ಎಂದರೆ ಗಂಡಸು ಎಂದೇ ತಿಳಿದು ಬರೆದ ಪಟ್ಟಿ ಅದು. ಒಂದು ಹೆಣ್ಣಿನ ಹೆಸರೂ ಅದರಲ್ಲಿರಲಿಲ್ಲ. ಬಸ್ಸಿನ ಎಂಜಿನ್ ಶುರುವಾಯಿತು.

“ಮನೇಲೇ ಇರ್ರಿ, ಅಮ್ಮ” ಎಂದೆ. “ಈಗಲೇ ಹೊರಟೆ.”

“ಟಿಕೆಟ್ ಹರಿದಾಗೈತಲ್ರೀ!” ಎಂದು ಕಂಡಕ್ಟರ್ ಕೂಗುತ್ತಿದ್ದಂತೆಯೇ ಬಾಕ್ಸ್ ಎತ್ತಿಕೊಂಡು ಇಳಿದು, ಹೊಳಲ್ಕೆರೆಯ ಬಸ್ಸು ನಿಲ್ಲುವ ಕಡೆಗೆ ಬೇಗ ಬೇಗ ನಡೆದೆ.