ಯುಗಾದಿಯ ಬೆಳಿಗ್ಗೆ ಬೋಳಾದ ಬೇವು

ನಮ್ಮ ಬೀದಿಗೆ ಯಾವ ಮರ ಬೇಕು ಎಂದು ನಡೆದಷ್ಟು ಚರ್ಚೆ ನನ್ನ ಮದುವೆಗೂ ನಡೆದಿರಲಿಲ್ಲ. ಹಿರಿಯೂರಿನ ಹೊರಗೆ, ಹೈವೇಗೆ ಬೆನ್ನು ಕೊಟ್ಟು ನಿಂತಿರುವ ಬಡಾವಣೆ ನಮ್ಮದು. ಮನೆಗಳು ಎದ್ದವು, ಟಾರು ಬಂತು, ಬೀದಿದೀಪ ಬಂತು. ನೆರಳು ಮಾತ್ರ ಬರಲಿಲ್ಲ. ಬೇಸಿಗೆಯಲ್ಲಿ ಗೇಟಿನ ಚಿಲಕ ಮುಟ್ಟಿದರೆ ಕೈ ಚುರ್ ಎನ್ನುತ್ತಿತ್ತು. ಕೊನೆಗೆ ಎಲ್ಲರೂ ಸೇರಿ ದುಡ್ಡು ಹಾಕಿ ಗಿಡ ತರುವುದೆಂದಾಯಿತು.

ಗುಲ್‌ಮೊಹರ್ ಬೇಡ, ಗಾಳಿಗೆ ಮುರಿದು ಕಾರಿನ ಮೇಲೆ ಬೀಳುತ್ತದೆ. ಬಾದಾಮಿ ಬೇಡ, ಬಾವಲಿ ಬರುತ್ತವೆ. ಹುಣಸೆ ಎಂದವನನ್ನು ಎಲ್ಲರೂ ಹೇಗೆ ದುರುಗುಟ್ಟಿ ನೋಡಿದರೆಂದರೆ ಆತ ಮತ್ತೆ ಬಾಯಿ ತೆರೆಯಲಿಲ್ಲ. ಹೊಂಗೆ ಆಗಬಹುದಲ್ಲ, ಕುರಿ ಮೇಕೆ ಅದನ್ನು ಮುಟ್ಟುವುದಿಲ್ಲ ಎಂದೆ ನಾನು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತಳಾದವಳು, ನನ್ನ ಮಾತಿಗೆ ಕಿಮ್ಮತ್ತು ಸಿಗುತ್ತದೆ ಅಂದುಕೊಂಡಿದ್ದೆ.

"ಹೊಂಗೆ ಹೂ ಉದುರಿದ್ರೆ ಗುಡಿಸೋರು ಯಾರ್ರೀ ಮೇಡಂ?" ಎಂದರು ಬಡಾವಣೆ ಸಂಘದ ಕಾರ್ಯದರ್ಶಿ. "ಬೇವು ಹಾಕಾಣ. ಬೇವಿನ ಗಾಳಿ ಕುಡಿದ್ರೆ ರೋಗ ಹತ್ರ ಸುಳಿಯಲ್ಲ."

ಬೇವಿನ ಹೂ ಏನು ಉದುರದೆ ಮರಕ್ಕೇ ಅಂಟಿಕೊಂಡಿರುತ್ತದೆಯೇ ಎಂದು ಕೇಳುವಷ್ಟರಲ್ಲಿ ಚಹಾ ಬಂದು ಸಭೆ ಮುಗಿದೇಹೋಯಿತು.

ಹೊಸದುರ್ಗ ರಸ್ತೆಯ ನರ್ಸರಿಗೆ ನಾನೂ ಹೊರಟೆ. ಕಾರ್ಯದರ್ಶಿಗಳು ಎತ್ತರದ ಸಸಿಗಳನ್ನೇ ಆರಿಸುತ್ತಿದ್ದರು. ನನಗೋ ಕೆಳಗೆ ಏನಿದೆ ಎಂಬ ಕುತೂಹಲ. ಒಂದರ ಪ್ಲಾಸ್ಟಿಕ್ ಚೀಲ ಬಿಡಿಸಿ ನೋಡಿದರೆ ಬೇರು ಒಳಗೇ ಸುತ್ತಿಕೊಂಡು ಸಿಂಬೆಯಾಗಿತ್ತು. ಇನ್ನೊಂದಕ್ಕೆ ಕೈ ಹಾಕಿದೆ. ನರ್ಸರಿಯವನು ಓಡಿ ಬಂದ. "ಅಮ್ಮಾ, ಗಿಡ ತಗಳಕ್ಕೆ ಬಂದೀರೋ, ಆಪರೇಶನ್ ಮಾಡಕ್ಕೆ ಬಂದೀರೋ?" ಅವನು ಬೈದರೂ ಬೈಯಲಿ, ಗಿಡ್ಡನೆಯ, ಬೇರು ನೆಟ್ಟಗಿದ್ದ ಸಸಿಗಳನ್ನೇ ಟೆಂಪೋಗೆ ಹಾಕಿಸಿದೆ.

ಮುಂಗಾರಿನ ಮೊದಲ ಮಳೆ ಬಿದ್ದ ಮೇಲೆ ಗುಂಡಿ ತೋಡಿ ನೆಟ್ಟೆವು, ಸುತ್ತ ಜಾಲಿ ಮುಳ್ಳು ಕಟ್ಟಿದೆವು. ಅವತ್ತೇ ಕಾರ್ಯದರ್ಶಿಗಳು ಬೀದಿಯ ತುದಿಯ ಮನೆಯವಳನ್ನು ಕರೆಸಿದರು. ಈ ಬಡಾವಣೆ ಹುಟ್ಟುವ ಮೊದಲಿನಿಂದಲೂ ಅಲ್ಲಿ ಅವಳ ಹಂಚಿನ ಮನೆ ಮತ್ತು ಕುರಿ ಕೂಡುವ ರೊಪ್ಪ ಇದೆ. ಗಂಡ ತೀರಿಕೊಂಡ ಮೇಲೆ ಅವಳೇ ಮಂದೆ ಮೇಯಿಸುತ್ತಾಳೆ. ದಿನಾ ಬೆಳಿಗ್ಗೆ ನಮ್ಮ ಬೀದಿಯಲ್ಲಿ ಹಾಯ್ದು ಬಯಲಿಗೆ ಹೋಗಿ, ಸಂಜೆ ಇದೇ ದಾರಿಯಲ್ಲಿ ವಾಪಸಾಗುತ್ತಾಳೆ.

"ನೋಡವ್ವಾ, ನಿನ್ನ ಕುರಿ ಒಂದು ಗಿಡ ತಿಂದ್ರೂ ಅಷ್ಟೇ. ಆಮೇಲೆ ಹೈವೇ ಕಡೆಯಿಂದ ಹೊಡ್ಕಂಡು ಹೋಗು. ಈ ಬೀದಿಗೆ ಬರಂಗಿಲ್ಲ" ಎಂದರು.

ಅವಳ ಮುಖ ಸಣ್ಣಗಾಯಿತು. "ಹೈವೇಲಿ ಹೆಂಗಣ್ಣಾ ಹೋಗಾದು? ಹೋದ್ ವರ್ಷ ಅಲ್ಲಿ ಲಾರಿ ನುಗ್ಗಿ ನನ್ನ ಕುರಿ ಸಾಲಾಗಿ ಮಲಗಿಬಿಟ್ವು. ಇನ್ನೊಂದ್ ಸಲ ಹಂಗಾದ್ರೆ ನಾನು ಮಂದೆ ಮಾರಿ ಕೂಲಿಗೆ ಹೋಗದೇಯ."

"ಅದಕ್ಕೇ ಹುಷಾರಾಗಿರು ಅಂದಿದ್ದು."

ಅಂದಿನಿಂದ ಅವಳು ಬೀದಿಯಲ್ಲಿ ನಡೆಯುವ ರೀತಿಯೇ ಬದಲಾಯಿತು. ಕೋಲನ್ನು ಅಡ್ಡ ಹಿಡಿದು ಗಿಡಕ್ಕೂ ಮಂದೆಗೂ ನಡುವೆ ತಾನೇ ಗೋಡೆಯಾಗಿ ಬರುತ್ತಿದ್ದಳು. ಯಾವುದಾದರೂ ಒಂದು ಮೂತಿ ಚಾಚಿದರೆ "ಲೇ, ನನ್ನ ಬೀದಿ ಪಾಲು ಮಾಡ್ತೀಯೇನೇ!" ಎಂದು ಗದರುತ್ತಿದ್ದಳು.

ನನಗೂ ಗಿಡ ನೋಡುವ ಹುಚ್ಚು ಹತ್ತಿತು. ಎಲ್ಲ ಒಂದೇ ನರ್ಸರಿಯವು, ಒಂದೇ ದಿನ ನೆಟ್ಟವು. ಆದರೂ ನಮ್ಮ ಎದುರಿನದು ಪಕ್ಕದ್ದಕ್ಕಿಂತ ಯಾಕೆ ಹಿಂದೆ? ಬಚ್ಚಲ ನೀರು ಹೋಗುವ ಕಡೆ ಎಲೆ ಯಾಕೆ ಅಷ್ಟು ದಪ್ಪ? ಚಳಿಗಾಲದ ಕೊನೆಗೆ ಹಳೆಯ ಎಲೆ ಉದುರಿ, ತಾಮ್ರದ ಬಣ್ಣದ ಚಿಗುರು ಬಂತು. ಚಿಗುರು ಕೆಂಪಗೇ ಯಾಕಿರುತ್ತದೆ ಎಂದು ಮಕ್ಕಳಿಗೆ ಪಾಠ ಮಾಡಿದ್ದೆ, ನಿಜ. ಹೀಗೆ ಗಿಡದ ಮುಂದೆ ನಿಂತು ನೋಡಿದ್ದು ಮಾತ್ರ ಅದೇ ಮೊದಲು. ಯುಗಾದಿಯ ಹೊತ್ತಿಗೆ ಅವು ನನ್ನ ತಲೆ ಮೀರಿದ್ದವು.

ಯುಗಾದಿಯ ಬೆಳಿಗ್ಗೆ ಎಣ್ಣೆ ನೀರು ಮುಗಿಸಿ ಹೋಳಿಗೆಗೆ ಹೂರಣ ರುಬ್ಬುತ್ತಿದ್ದೆ. ಹೊರಗೆ ಗಲಾಟೆ. ಹೂರಣದ ಕೈಯಲ್ಲೇ ಓಡಿದೆ. ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಒಂದೊಂದು ಗಿಡವೂ ಬೋಳು ಬೋಳು. ಕುರಿಯವಳು ಮಂದೆ ಹೊಡೆದುಕೊಂಡು ಆಗಷ್ಟೇ ನಮ್ಮ ಬೀದಿಗೆ ಕಾಲಿಟ್ಟಿದ್ದಳು. ಕಾರ್ಯದರ್ಶಿಗಳು ಹೊಸ ಪಂಚೆಯಲ್ಲಿ ಅಡ್ಡ ನಿಂತಿದ್ದರು.

"ನನ್ನ ಕುರಿ ಮುಟ್ಟಿಲ್ಲ ಕಣಣ್ಣಾ, ನಮ್ಮವ್ವನಾಣೆ!"

"ಇನ್ಯಾರು ತಿಂತಾರೆ? ನಾನ್ ತಿಂದ್ನಾ? ಹೋಗು ಹೋಗು, ಹೈವೇ ಹಿಡಿ."

ಹಬ್ಬದ ದಿನ ಜಗಳ ಯಾಕೆಂದು ಉಳಿದವರು ಒಬ್ಬೊಬ್ಬರಾಗಿ ಒಳಗೆ ಸರಿದರು. ಅವಳು ಕಣ್ಣೊರೆಸಿಕೊಂಡು ಮಂದೆ ತಿರುಗಿಸಿದಳು. ಹೈವೇ ಕಡೆಯಿಂದ ಲಾರಿಗಳ ಹಾರನ್ ಕೇಳುತ್ತಿತ್ತು.

ನನಗೆ ಗಿಡದ ಹತ್ತಿರ ಹೋಗಿ ನೋಡದೆ ಇರಲಾಗಲಿಲ್ಲ. ಕೆಳಗೆ ಉದುರದೆ ಉಳಿದಿದ್ದ ಧೂಳು ಹಿಡಿದ ನಾಲ್ಕಾರು ಎಲೆಗಳು ಹಾಗೇ ಇದ್ದವು. ಹೋಗಿದ್ದು ಮೇಲಿನ ಎಳೆಯ ಚಿಗುರು. ಮುಳ್ಳಿನ ಬೇಲಿ ಕೂಡ ಅಲುಗಿರಲಿಲ್ಲ. ಅಬ್ಬಾ, ಕುರಿಗಳು ಇಷ್ಟು ಮಡಿ ಕಲಿತದ್ದು ಯಾವಾಗ? ತಲೆ ಕೆರೆದುಕೊಳ್ಳುತ್ತಾ ಮನೆಗೆ ಬಂದು ಹೊಸ್ತಿಲು ದಾಟುವಾಗ ನೆತ್ತಿಗೆ ಏನೋ ತಾಗಿತು. ಬಾಗಿಲ ತೋರಣ. ಮಾವಿನೆಲೆಯ ನಡುವೆ ಬೇವಿನ ಗೊಂಚಲು, ತಾಮ್ರದ ಬಣ್ಣದ್ದು.

"ಈ ಬೇವು ಎಲ್ಲಿಂದ ತಂದ್ರಿ?" ಎಂದು ಯಜಮಾನರನ್ನು ಕೇಳಿದೆ.

"ಇಲ್ಲೇ ಎದುರಿಂದ. ಒಂದೇ ಒಂದು ಕಡ್ಡಿ ಮುರ್ಕಂಡೆ. ಹಬ್ಬಕ್ಕೆ ಬೇಡ್ವಾ?"

ಚಪ್ಪಲಿ ಮೆಟ್ಟಿ ಬೀದಿಗಿಳಿದೆ. ಪಕ್ಕದ ಮನೆಯ ಬಾಗಿಲು, ಅದರಾಚೆಯ ಬಾಗಿಲು, ಎದುರು ಸಾಲು. ಎಲ್ಲರ ತಲೆಬಾಗಿಲಲ್ಲೂ ತಾಮ್ರದ ಚಿಗುರು ಜೋತಾಡುತ್ತಿತ್ತು. ಎಲ್ಲರೂ ಒಂದೇ ಒಂದು ಕಡ್ಡಿ ಮುರಿದಿದ್ದರು. ಕತ್ತಲು ಹರಿಯುವ ಮೊದಲೇ ಎದ್ದು, ಒಬ್ಬರಿಗೊಬ್ಬರು ಕಾಣದಂತೆ. ನಗು ಬಂತು, ಹಿಂದೆಯೇ ರೇಗಿಹೋಯಿತು. ಕಾರ್ಯದರ್ಶಿಗಳ ಮನೆಯ ಗೊಂಚಲಂತೂ ಎಲ್ಲರದಕ್ಕಿಂತ ಸೊಂಪಾಗಿತ್ತು.

"ತಲೆ ಎತ್ತಿ ನಿಮ್ಮ ಬಾಗ್ಲು ನೋಡ್ರಿ ಸ್ವಲ್ಪ. ಎಲ್ಲರ ಬಾಗ್ಲೂ ನೋಡ್ರಿ" ಎಂದೆ, ಬೀದಿಗೆಲ್ಲ ಕೇಳುವಂತೆ.

"ನಮ್ಮದು ಸಂತೇಲಿ ತಂದಿದ್ದು ಮೇಡಂ" ಎಂದು ಅವರು ಒಳಗೆ ಹೋದರು.

ಆಗಲಿ, ಸಂಜೆ ಎಲ್ಲರೆದುರಿಗೇ ತೋರಿಸುತ್ತೇನೆ ಎಂದುಕೊಂಡೆ. ಹೊತ್ತು ಇಳಿಯುವಾಗ ಹೈವೇ ಅಂಚಿಗೆ ಹೋಗಿ ಕಾದೆ. ಲಾರಿಯ ಗಾಳಿಗೆ ಸೀರೆ ಹಾರುತ್ತಿತ್ತು. ಅವಳು ಬರುವುದು ಕಂಡಿತು; ಕುರಿಗಳು ಹೆದರಿ ಒಂದರ ಮೇಲೊಂದು ಬೀಳುತ್ತಿದ್ದವು. ಗಂಟಲು ಹೋಗುವಷ್ಟು ಕೂಗುತ್ತಾ ಅವಳು ಅವುಗಳನ್ನು ಅಂಚಿಗೆ ನೂಕುತ್ತಿದ್ದಳು.

"ಬಾರವ್ವಾ, ಬೀದಿ ಮೇಲೇ ಹೋಗಾಣ. ತಿಂದೋರು ಯಾರು ಅಂತ ಗೊತ್ತಾಗೈತೆ" ಎಂದು ಮುಂದೆ ನಡೆದೆ.

ಬೀದಿಯ ಬಾಯಿಗೆ ಬಂದು ನೋಡುತ್ತೇನೆ, ಒಂದು ಬಾಗಿಲಲ್ಲೂ ಬೇವಿಲ್ಲ! ಬರೀ ಮಾವಿನೆಲೆ. ಅಷ್ಟೂ ಜನ ಕಿತ್ತು ಹಾಕಿಬಿಟ್ಟಿದ್ದರು. ಉಳಿದಿದ್ದು ನಮ್ಮ ಮನೆಯ ಬಾಗಿಲಲ್ಲಿ ಮಾತ್ರ. ಜನ ಆಗಲೇ ಜಗಲಿಗಳ ಮೇಲೆ ಸೇರಿದ್ದರು.

"ಯಾರ ಬಾಗ್ಲಲ್ಲಿ ಬೇವೈತೆ ನೋಡ್ರಿ ಮೇಡಂ" ಎಂದರು ಕಾರ್ಯದರ್ಶಿಗಳು, ಮೆಲ್ಲಗೆ.

ಮೈಯೆಲ್ಲ ಉರಿಯಿತು. ಒಬ್ಬೊಬ್ಬರ ಜನ್ಮ ಜಾಲಾಡಿಸಿಬಿಡೋಣ ಎನಿಸಿತು. ಬೆಳಿಗ್ಗೆ ಕಣ್ಣಾರೆ ನೋಡಿದ್ದೇನೆ. ಹೇಳಿದರೆ ಇಲ್ಲ ಎನ್ನುತ್ತಾರೆ, ಇಲ್ಲ ಎಂದರೆ ಮತ್ತೆ ಕುರಿಯ ತಲೆಗೇ ಬರುತ್ತದೆ. ಹಿಂದೆ ತಿರುಗಿ ನೋಡಿದೆ. ಮಂದೆಯ ಬಾಲ ಇನ್ನೂ ಹೈವೇಯಲ್ಲೇ ಇತ್ತು.

"ಹೌದು, ನಮ್ಮ ಮನೆಯವರೇ ಮುರಿದಿದ್ದು" ಎಂದೆ. "ಕುರಿ ತಿಂದಿಲ್ಲ. ಈಗ ದಾರಿ ಬಿಡ್ರಿ."

ಕಾರ್ಯದರ್ಶಿಗಳು ಪಕ್ಕಕ್ಕೆ ಸರಿದರು. ಬೇರೆ ದಾರಿ ಇರಲಿಲ್ಲ ಅವರಿಗೆ.

ಕುರಿಗಳು ದಡದಡನೆ ಒಳನುಗ್ಗಿದವು. ಕೊನೆಯದು ಟಾರು ಮುಟ್ಟಿದ ಮೇಲೆ ಅವಳು ಬೀದಿಯ ನಡುವೆ ನಿಂತಳು. ಈ ಸಾಲಿನ ಬೋಳು ಗಿಡಗಳನ್ನು ನೋಡಿದಳು, ಆ ಸಾಲಿನವನ್ನು ನೋಡಿದಳು, ಆಮೇಲೆ ನಮ್ಮ ಬಾಗಿಲಲ್ಲಿ ತೂಗುತ್ತಿದ್ದ ಗೇಣುದ್ದದ ಗೊಂಚಲು ನೋಡಿದಳು. ಕುರಿಗಳನ್ನು ಕೂಗಿ ಕರೆಯುವ ಅದೇ ದನಿಯಲ್ಲಿ ಕೇಳಿದಳು:

"ಅಕ್ಕಾ, ಇಡೀ ಬೀದಿ ಸೊಪ್ಪು ನಿಮ್ಮದೊಂದೇ ಬಾಗ್ಲಿಗೆ ಸಾಲ್ತಾ?"