ಮಾವ ಸಾಕಿದ ಬೆರಕೆ ನಾಯಿ

ನನ್ನ ಮಾವನವರ ಎಡಗಿವಿ ಅರ್ಧ ಇರಲಿಲ್ಲ. ಚಿಕ್ಕಂದಿನಲ್ಲಿ ನಾಯಿ ಕಚ್ಚಿ ಹರಿದದ್ದಂತೆ. ಆದರೂ ನಾಯಿಗಳೆಂದರೆ ಅವರಿಗೆ ಪ್ರಾಣ. ಯಾರಾದರೂ ಮಾತಾಡಿಸಿದರೆ ತಲೆ ವಾರೆ ಮಾಡಿ, ಬಲಗಿವಿ ಮುಂದಿಟ್ಟು, ಪೂರ್ತಿ ಕೇಳಿಸಿಕೊಂಡೇ ಉತ್ತರ ಕೊಡುತ್ತಿದ್ದರು. ಸೊಸೆಯ ಮಾತನ್ನೂ ಹಾಗೇ ಕೇಳುತ್ತಿದ್ದರು. ಆ ಕಾಲಕ್ಕೆ ಅದು ಸಣ್ಣ ವಿಷಯವಲ್ಲ.

ಸಾವಿರದ ಒಂಬೈನೂರ ಅರವತ್ತರ ಸುಮಾರಿಗೆ ನಾನು ಇಟ್ಟಮಡುವಿನಿಂದ ಕೋಣನಕುಂಟೆಗೆ ಸೊಸೆಯಾಗಿ ಬಂದೆ. ಅತ್ತೆ ಮೊದಲೇ ತೀರಿಕೊಂಡಿದ್ದರು. ಗಂಡ ಮಿಲ್ಲಿನ ಕೆಲಸಕ್ಕೆ ಹೋದರೆ ಮನೆಯಲ್ಲಿ ನಾನು, ಮಾವ, ದೊಡ್ಡಿ ತುಂಬ ಕುರಿ. ನನ್ನ ಮೊದಲ ಮಗು ಹೊಟ್ಟೆಯಲ್ಲೇ ಹೋದಾಗ ನೋಡಲು ಬಂದವರು ನನ್ನ ಕಾಲ್ಗುಣ ಆಡಿಕೊಂಡರು. ಮಾವ ಬಾಗಿಲಲ್ಲಿ ನಿಂತು, "ನನ್ನ ಸೊಸೆ ವಿಷ್ಯ ಆಡ್ಕೊಳ್ಳೋರು ನನ್ನ ಹೊಸ್ಲು ತುಳೀಬೇಡಿ," ಅಂದರು. ನಾನು ಎದ್ದು ಓಡಾಡುವವರೆಗೂ ಮುದ್ದೆ ತಿರುವಿದ್ದು ಅವರೇ.

ಹುಳಿಮಾವಿನ ಕಡೆಯ ಕುರುಚಲಿನಿಂದ ತೋಳಗಳು ಬಂದು ಕುರಿಮರಿ ಹೊತ್ತೊಯ್ಯುತ್ತಿದ್ದ ಕಾಲ ಅದು. ನಮ್ಮ ಮಂದೆಯ ಊರುನಾಯಿ ಮುಪ್ಪಾಗಿ ಸತ್ತಿತ್ತು. ಜಯನಗರದಲ್ಲಿ ಹೊಸದಾಗಿ ಬಂಗಲೆ ಕಟ್ಟಿಸಿದ್ದ ಸಾಹೇಬರೊಬ್ಬರ ಮನೆಯಲ್ಲಿ ಮ್ಯಾಸ್ಟಿಫ್ ಅನ್ನೋ ಸೀಮೆನಾಯಿ ಇತ್ತು, ಕರುವಿನಷ್ಟು ದೊಡ್ಡದು. ಅದಕ್ಕೂ ಬೀದಿಯ ಹೆಣ್ಣುನಾಯಿಗೂ ಹುಟ್ಟಿದ ಮರಿಯೊಂದನ್ನು ಮಾವ ಕಂಬಳಿಯಲ್ಲಿ ಸುತ್ತಿಕೊಂಡು ತಂದರು. "ಮೈ ಅಪ್ಪಂದು, ಬುದ್ಧಿ ಅವ್ವಂದು ಬಂದ್ರೆ ಸಾಕು ಮಗಾ. ತೋಳ ಈ ಕಡೆ ತಲೆ ಹಾಕಲ್ಲ."

ಮೈಯೇನೋ ಅಪ್ಪನದೇ ಬಂತು. ಭೀಮ ಅಂತ ಹೆಸರಿಟ್ಟೆವು. ಹಾಲು ಮುದ್ದೆ ಕಲಸಿ ಹಾಕಿ ನಾನೇ ಸಾಕಿದೆ. ಕುರಿ ಕಾಯುವ ನಾಯಿ ಮಂದೆ ಬಿಟ್ಟು ಕದಲಬಾರದು. ಭೀಮ ಬಿಟ್ಟು ಕದಲದೆ ಇದ್ದದ್ದು ಮಾವನನ್ನು. ಕುರಿ ದಿಬ್ಬದಾಚೆ ಮೇಯುತ್ತಿದ್ದರೆ ಇದು ಬಿಸಿಲಿಗೆ ಏದುಸಿರು ಬಿಡುತ್ತ ಅವರ ಕಾಲಬುಡದಲ್ಲಿ ಬಿದ್ದಿರುತ್ತಿತ್ತು. ಒಂದು ಮಧ್ಯಾಹ್ನ ತೋಳ ಗಬ್ಬದ ಕುರಿಯನ್ನೇ ಹಿಡಿಯಿತು. ಮಾವ ಕೂಗುತ್ತ ಓಡಿದರೆ ಭೀಮ ಅವರಿಗೇ ಅಡ್ಡ ನಿಂತು ಬೊಗಳಿತು, ಮುಂದೆ ಹೋಗಲು ಬಿಡಲಿಲ್ಲ.

"ಇದನ್ನ ವಾಪಸ್ ಕೊಟ್ಬಿಡಿ ಮಾವ," ಅಂದೆ.

ಮಾವ ಬಗ್ಗಿ ಭೀಮನ ತಲೆ ಸವರಿದರು. "ಊರುನಾಯಿಗೆ ಮಂದೇನೇ ಮನೆ. ಇದಕ್ಕೆ ನಾನೇ ಮನೆ ಕಣವ್ವ. ಎಲ್ಲಿಗೆ ಅಟ್ಲಿ?"

ರಾಗಿ ಕೊಯ್ಲು ಮುಗಿದ ಹೊಲದಲ್ಲಿ ಅವರಿಗೆ ಕೊಳಕುಮಂಡಲ ಹಾವು ಕಚ್ಚಿದ ದಿನ ನಾನು ತವರಿನಲ್ಲಿದ್ದೆ, ಗಂಡ ಮಿಲ್ಲಿನಲ್ಲಿ. ಕೂಗು ಕೇಳಿ ಊರಿನವರು ಓಡಿ ಬಂದರು. ಭೀಮ ಒಬ್ಬರನ್ನೂ ಹತ್ತಿರ ಬಿಡಲಿಲ್ಲ. ಎತ್ತಲು ಹೋದವನೊಬ್ಬನ ಮುಂಗೈ ಸೀಳಿತು. ಕಲ್ಲು ಬೀರಿದರೆ ಮಾವನ ಮೈಮೇಲೆ ಅಡ್ಡ ಮಲಗಿತು. "ಹೋಗೋ ಭೀಮ, ಹೋಗೋ," ಅಂತ ಅವರು ನರಳಿದಷ್ಟೂ ಅದು ಕೆರಳಿತು. ಕುರಿಗಳು ತಮ್ಮ ಪಾಡಿಗೆ ತಾವು ಚದುರಿಹೋದವು. ಕೊನೆಗೆ ಒಬ್ಬ ಸೈಕಲ್ ತುಳಿದು ಇಟ್ಟಮಡುವಿಗೆ ಬಂದು, ನನ್ನನ್ನು ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಹೋದ.

ನನ್ನನ್ನು ಕಂಡದ್ದೇ ಭೀಮ ಬಾಲ ಆಡಿಸಿತು. ಅದನ್ನು ಹಗ್ಗ ಹಾಕಿ ಮರಕ್ಕೆ ಕಟ್ಟಿದೆ. ಮಾವನ ಕಾಲು ತೊಡೆಯವರೆಗೂ ಊದಿ ಕಪ್ಪಾಗಿತ್ತು, ವಸಡಿನಲ್ಲಿ ರಕ್ತ ಜಿನುಗುತ್ತಿತ್ತು. ಎತ್ತಿನಗಾಡಿಯಲ್ಲಿ ಮಲಗಿಸಿದಾಗ ನನ್ನ ಕೈ ಹಿಡಿದು, "ಭೀಮನಿಗೆ ಏನೂ ಮಾಡ್ಬೇಡಿ ಮಗಾ. ಅದಕ್ಕೆ ಗೊತ್ತಿದ್ದಿದ್ದೇ ಅಷ್ಟು," ಅಂದರು. ಆಸ್ಪತ್ರೆಯಲ್ಲಿ ಡಾಕ್ಟರು, "ಇನ್ನೊಂದು ಸ್ವಲ್ಪ ಮುಂಚೆ ತಂದಿದ್ರೆ..." ಅಂದರು. ಅವತ್ತು ಸಂಜೆಗೇ ಮಾವ ಹೋದರು.

ಮಣ್ಣು ಮಾಡಿ ಬಂದು ನನ್ನ ಗಂಡ ದೊಣ್ಣೆ ಎತ್ತಿಕೊಂಡರು. ಕಾಲು ಹಿಡಿದೆ, ಮಾವ ಆಡಿದ ಮಾತು ಹೇಳಿದೆ. "ನಮ್ಮಪ್ಪನ್ನ ತಿಂದ ನಾಯಿ ಕಣೇ ಇದು," ಅಂತ ಅಳುತ್ತಲೇ ಅದು ಸಾಯುವವರೆಗೂ ಹೊಡೆದರು. ಭೀಮ ತಿರುಗಿಬೀಳಲಿಲ್ಲ. ಹೊಡೆಯುತ್ತಿದ್ದವರು ಮನೆಯವರಲ್ಲವೇ.

ಸಿಕ್ಕಷ್ಟು ಕುರಿ ಮಾರಿದೆವು. ಆಮೇಲೆ ಮಕ್ಕಳಾದರು, ಬೆಳೆದರು. ಅವರ ಮುಂದೆ ನನ್ನ ಗಂಡ ಒಂದು ದಿನವೂ ತಮ್ಮ ಅಪ್ಪನ ಮಾತು ಎತ್ತಲಿಲ್ಲ. ಮಾವ ನನ್ನನ್ನು ಕೇಳಿಕೊಂಡದ್ದು ಜೀವಮಾನದಲ್ಲಿ ಭೀಮನ ವಿಷಯವೊಂದೇ, ಅದೂ ನಡೆಯಲಿಲ್ಲ. ಪಿತೃಪಕ್ಷದಲ್ಲಿ ಅವರಿಗೆ ಎಡೆ ಇಟ್ಟು ಮನೆಯವರೆಲ್ಲ ಏನೇನೋ ಬೇಡಿಕೊಳ್ಳುತ್ತಾರೆ. ನನಗೆ ಬಾಯಿ ಬರುವುದಿಲ್ಲ.