ಅಂಚು ಮಡಿಸದ ಸೆಣಬು

ನನ್ನ ಅಕ್ಷರ ಸೊಟ್ಟಗಿದೆ, ಪದಗಳೂ ಕಡಿಮೆ, ಓದುವವರು ಕ್ಷಮಿಸಬೇಕು. ಅರಮನೆಯ ಅಕ್ಷರಶಾಲೆಯನ್ನು ಎರಡನೇ ವರ್ಷಕ್ಕೇ ಬಿಟ್ಟವಳು ನಾನು. ತಪ್ಪಿದ ಅಕ್ಷರಗಳನ್ನು ಚಾಕುವಿನಿಂದ ಹೆರೆದು ಹೆರೆದು ಈ ಬಿದಿರಿನ ಪಟ್ಟಿಗಳು ತೆಳ್ಳಗಾಗಿವೆ. ಆದರೂ ನನ್ನ ಸೋದರತ್ತೆ ಟಾಂಗ್ ಹ್ವೇ ಬಗ್ಗೆ ಬರೆಯದೆ ಇರಲಾರೆ.

ಅತ್ತೆ ಅರಮನೆಯ ಹೊಲಿಗೆಮನೆಯಲ್ಲಿ ಸೂತಕದ ಬಟ್ಟೆ ಹೊಲಿಯುವವಳು. ಸತ್ತವರ ಮಗ ತೊಡುವ ಸೆಣಬಿನ ಅಂಗಿಗೆ ಅಂಚು ಮಡಿಸುವುದಿಲ್ಲ. ಕತ್ತರಿಸಿದ ಹಾಗೇ ಎಳೆಗಳು ಜೋತಾಡುತ್ತಿರಬೇಕು. ಉಳಿದ ನೆಂಟರ ಅಂಗಿಗೆ ಮಡಿಸುತ್ತಾರೆ.

ಐದು ವರ್ಷಗಳ ಹಿಂದೆ ಚಕ್ರವರ್ತಿ ತೀರಿಕೊಂಡ ಚಳಿಗಾಲ ನನಗೆ ಕನಸಿನಂತೆ ನೆನಪಿದೆ. ಅಂಗಳದಲ್ಲಿ ಹಿಮ, ಒಳಗೆ ಬಿಳಿ ಬಟ್ಟೆ. ಯಾವುದು ಎಲ್ಲಿ ಮುಗಿಯುತ್ತದೋ ತಿಳಿಯುತ್ತಿರಲಿಲ್ಲ. ಆಡಳಿತವೆಲ್ಲ ರಾಣಿಯ ಅಣ್ಣ, ರಾಜಪ್ರತಿನಿಧಿ ಲೋ ಜೀ ಕೈಯಲ್ಲಿತ್ತು. ಅವನ ಪಾರುಪತ್ಯಗಾರ ಗಂಟು ಹಾಕಿದ ಎರಡು ಅಳತೆದಾರ ತಂದ.

"ಚಿಕ್ಕದಕ್ಕೆ ಅಂಚು ಬೇಡ. ದೊಡ್ಡದಕ್ಕೆ ಮಡಿಸು."

"ಈ ಚಿಕ್ಕದು ಯಾರದಪ್ಪಾ? ಇನ್ನೂ ಹಾಲು ಕುಡಿಯೋ ಮಗೂದಲ್ವಾ?"

"ಚಕ್ರವರ್ತಿಗಳ ದತ್ತುಪುತ್ರ. ನಿನ್ನೆಯಿಂದ."

"ಸತ್ತು ಮೂರು ದಿನ ಆದ್ಮೇಲೆ ದತ್ತು ತಗೊಂಡ್ರಾ? ಭಾಳ ಗಟ್ಟಿ ಜೀವ ಬಿಡು!"

"ಬಾಯಿಗೂ ಒಂದು ಹೊಲಿಗೆ ಹಾಕ್ಕೋ, ಮುದುಕಿ," ಎಂದು ಅವನು ಹೊರಟ.

ದೊಡ್ಡ ದಾರ ಹನ್ನೊಂದು ವರ್ಷದ ಯಾನ್‌ನದು. ಚಕ್ರವರ್ತಿಯ ಒಬ್ಬನೇ ಮಗ. ತಾಯಿ ಸತ್ತ ಮೇಲೆ ಅತ್ತೆಯ ಬಟ್ಟೆರಾಶಿಗಳ ನಡುವೆಯೇ ಆಡಿ ಬೆಳೆದವನು. ಸಂಜೆ ಹಳೆಯ ಮಂತ್ರಿಯೊಬ್ಬರು ಗುಟ್ಟಾಗಿ ಬಂದರು.

"ಯಾನ್ ಅಂಗೀನೂ ಮಡಿಸದೆ ಬಿಡಮ್ಮ. ನಾಳೆ ಶವದ ಮುಂದೆ ಅವನು ಹಾಗೆ ನಿಂತ್ರೆ, ಅವನೇ ಚಕ್ರವರ್ತಿ ಅಂತ ನಾವೆಲ್ಲ ಅವನ ಕಾಲಿಗೆ ಬೀಳ್ತೀವಿ."

"ಬಿದ್ದೋರು ಎದ್ದು ಮನೆಗೆ ಹೋಗ್ತೀರಿ, ಸ್ವಾಮಿ. ಮಗು ಎಲ್ಲಿಗೆ ಹೋಗುತ್ತೆ?"

ಲೋ ಜೀಗೆ ಬೇಡವಾಗಿದ್ದ, ಅದೇ ವಂಶದ ಇನ್ನೊಬ್ಬ ರಾಜಕುಮಾರ ಹಿಂದೊಮ್ಮೆ ತನ್ನ ತಂದೆಯ ಶವದ ಮುಂದೆ ಅಂಚಿಲ್ಲದ ಅಂಗಿ ತೊಟ್ಟಿದ್ದ. ತಿಂಗಳೊಳಗೆ ಹೊಟ್ಟೆನೋವಿನಿಂದ ಸತ್ತ. ಆ ಅಂಗಿ ಹೊಲಿದವಳೂ ಅತ್ತೆಯೇ.

ಮಂತ್ರಿ ಹೋದ ಮೇಲೆ ಅವಳು ಯಾನ್‌ನ ಅಂಗಿಯ ಅಂಚನ್ನು ಸುತ್ತಲೂ ಮಡಿಸಿ, ಎರಡೆರಡು ಸಲ ಹೊಲಿದಳು. ಮರುದಿನ ಬೆಳಗ್ಗೆ ತೊಡಲು ಬಂದ ಹುಡುಗ ಅಂಚು ಮುಟ್ಟಿ ನೋಡಿದ.

"ನಾನು ಅಪ್ಪನ ಮಗ ಅಲ್ವಾ, ಅಜ್ಜಿ?"

ಅತ್ತೆ ಅಂಗಿಯ ಒಳಮೈ ತಿರುಗಿಸಿದಳು. ಎದೆಯ ಜಾಗದಲ್ಲಿ ಅಂಗೈಯಗಲದ ಒಂದು ತುಂಡು, ಅಂಚು ಮಡಿಸದ ಸೆಣಬು.

"ಮಗನೇ ಕಣೋ. ಅದು ನಿಂಗೂ ನಿಮ್ಮಪ್ಪಂಗೂ ಗೊತ್ತಿದ್ರೆ ಸಾಕು."

ಶವದ ಮುಂದೆ ದಾದಿಯ ತೋಳಿನಲ್ಲಿ ಹೊಸ ಚಕ್ರವರ್ತಿ ಹಾಲಿಗಾಗಿ ಚೀರುತ್ತಿದ್ದ. ಯಾನ್ ನೆಂಟರ ಸಾಲಿನಲ್ಲಿ, ಎದೆಯ ಮೇಲೆ ಕೈಯಿಟ್ಟು ನಿಂತಿದ್ದ. ಲೋ ಜೀ ಕಣ್ಣು ಅವನ ಅಂಚಿನ ಉದ್ದಕ್ಕೂ ನಿಧಾನವಾಗಿ ಸುತ್ತಿ ಬಂತು. ಆಮೇಲೆ ಮುಂದಕ್ಕೆ ಹೋಯಿತು. ಅಂಗಳದಿಂದ ನೋಡುತ್ತಿದ್ದ ನನ್ನ ಉಸಿರು ಆವಿಯಾಗಿ ಹಿಮದೊಳಗೆ ಕರಗಿತು. ವಸಂತದಲ್ಲಿ ಯಾನ್‌ನನ್ನು ದೂರದ ಉಪ್ಪಿನೂರಿಗೆ ಕಳಿಸಿದರು.

ಆ ಪುಟ್ಟ ಚಕ್ರವರ್ತಿಯೂ ಮೊನ್ನೆ ಹೋದ. ಇವತ್ತು ಮತ್ತೊಬ್ಬ ದತ್ತುಪುತ್ರನ ಅಳತೆದಾರ ಬಂತು. ಅತ್ತೆಯ ಕಣ್ಣಿಗೆ ಪೊರೆ ಬಂದಿದೆ. ಗಂಟುಗಳನ್ನು ಬೆರಳಲ್ಲೇ ಎಣಿಸಿ, "ಇದಿನ್ನೂ ಚಿಕ್ಕದು ಕಣೇ," ಎಂದಳು.

ಪ್ರತಿವರ್ಷದಂತೆ ಉಪ್ಪಿನೂರಿನಿಂದಲೂ ಯಾನ್‌ನ ಅಳತೆಯ ಒಂದು ದಾರ ಬಂದಿದೆ. ಹೋದ ವರ್ಷದ್ದಕ್ಕಿಂತ ಒಂದು ಗೇಣು ಉದ್ದ. ಅತ್ತೆ ಅದನ್ನು ಕೆನ್ನೆಗೆ ಒತ್ತಿಕೊಂಡೇ ನಿದ್ದೆ ಹೋಗಿದ್ದಾಳೆ. ನಾಳೆ ಬೆಳಕಾದ ಕೂಡಲೇ ನಾನು ಯಾನ್‌ನ ಅಂಗಿಗೆ ಬಟ್ಟೆ ಕತ್ತರಿಸುತ್ತೇನೆ.